ದೋಣಿ ನಿಂತಿರುವಾಗ ಮೀನು ಎಲ್ಲಿಂದ ಬಂತು?

ಪ್ರಥಮ ಪಿಯುಸಿಯಲ್ಲಿ ಶೇಕಡಾ 85 ದಾಟಿದರೆ ಕಾರವಾರಕ್ಕೆ ಕರೆದುಕೊಂಡು ಹೋಗಿ, ಸಮುದ್ರದ ದಂಡೆಯಲ್ಲಿ ಕೂರಿಸಿ ತಾಜಾ ಮೀನು ತಿನ್ನಿಸುತ್ತೇನೆ ಎಂದು ಅಬ್ಬಾ ಮಾತು ಕೊಟ್ಟಿದ್ದರು. ನನಗೆ 87 ಬಂತು. ಮಾತು ಈಡೇರಲು ಜುಲೈ ಬಂತು. ಒಂದು ರವಿವಾರ ಫಜ್ರ್ ನಮಾಜು ಮುಗಿಸಿ ಅಬ್ಬಾ, ಅಮ್ಮಿ, ಮಾಮು, ನನ್ನ ತಮ್ಮ ಮತ್ತು ನಾನು ಮಾಮುವಿನ ಗಾಡಿಯಲ್ಲಿ ಖಾನಾಪುರ ಬಿಟ್ಟೆವು.

ಲೋಂಡಾ, ರಾಮನಗರ, ಜೋಯಿಡಾ, ಆಮೇಲೆ ಅಣಶಿ ಘಟ್ಟ. ದಾರಿಯುದ್ದಕ್ಕೂ ಮಳೆ. ಘಟ್ಟ ಇಳಿದು ಕದ್ರಾ ದಾಟಿ ಸದಾಶಿವಗಡ ತಲುಪುವವರೆಗೂ ತಮ್ಮನದು ಒಂದೇ ಪ್ರಶ್ನೆ: "ಸಮುದ್ರ ಯಾವಾಗ ಕಾಣಸ್ತದ?" ಕಾಳಿ ನದಿಯ ಸೇತುವೆ ಮೇಲೆ ಬಂದಾಗ ಕಾಣಿಸಿತು. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದು ಇಲ್ಲೇ ಎಂದು ಮಾಮು ತೋರಿಸಿದರು. ತಮ್ಮ ಆ ಕಡೆ ನೋಡಲೇ ಇಲ್ಲ. ಅವನಿಗೆ ದೋಣಿ ಬೇಕಿತ್ತು.

ಹಾಗಾಗಿ ಮೊದಲು ಬೈತಖೋಲ ಬಂದರಿಗೆ ಹೋದೆವು. ದೋಣಿಗಳೇನೋ ಇದ್ದವು, ಸಾಲುಸಾಲಾಗಿ. ಆದರೆ ಎಲ್ಲವನ್ನೂ ಹಗ್ಗ ಹಾಕಿ ಕಟ್ಟಿದ್ದರು, ಹಲವಕ್ಕೆ ತಾಡಪತ್ರಿ ಹೊದಿಸಿದ್ದರು. ಶೆಡ್ಡಿನಲ್ಲಿ ನಾಲ್ಕೈದು ಜನ ಕುಳಿತು ಹರಿದ ಬಲೆ ಹೆಣೆಯುತ್ತಿದ್ದರು. ಫೋಟೋ ತೆಗೆದುಕೊಂಡು ಹೋಟೆಲ್ಲಿಗೆ ಹೋದೆವು.

ಹೋಟೆಲ್ಲು ಚೆನ್ನಾಗಿತ್ತು. ಕಿಟಕಿಯಾಚೆ ಅಲೆ, ಬಾಗಿಲಲ್ಲಿ ದೊಡ್ಡ ಬೋರ್ಡು: "ಇಂದಿನ ತಾಜಾ ಸ್ಥಳೀಯ ಮೀನು". ಸುರಮಾಯಿ, ಪಾಪ್ಲೇಟ್, ಸೀಗಡಿ, ಏಡಿ, ಬಾಂಗಡಾ ಎಲ್ಲವೂ ಇದ್ದವು. ನಮ್ಮ ಮನೆಯಲ್ಲಿ ಏಡಿ ತಿನ್ನುವುದಿಲ್ಲ. ಸೀಗಡಿಯ ವಿಷಯದಲ್ಲಿ ಅಬ್ಬಾನ ಅಭಿಪ್ರಾಯ ಬೇರೆ, ಮಾಮುವಿನದು ಬೇರೆ. ಜಗಳ ಬೇಡವೆಂದು ಸುರಮಾಯಿ, ಪಾಪ್ಲೇಟ್ ಹೇಳಿದೆವು.

"ಇವತ್ತಿಂದ ಏನ್ರೀ ಇದು?" ಅಬ್ಬಾ ಕೇಳಿದರು.

"ಹೌದ್ರೀ ಸರ್, ಮುಂಜಾನೆ ಬಂದದ್ದು, ಇಲ್ಲೀದ."

ಆಗ ತಮ್ಮ ಬಾಯಿ ತೆರೆದ. "ಅಬ್ಬಾ, ದೋಣಿ ಎಲ್ಲಾ ನಿಂತಾವಲ್ಲ, ಮೀನ ಹ್ಯಾಂಗ ಬಂತು?"

ಅವನು ಐದನೇ ತರಗತಿ. ಬಂದರಿನಲ್ಲಿ ನಾವೆಲ್ಲ ನೋಡಿದ್ದನ್ನೇ ಅವನೂ ನೋಡಿದ್ದ. ಆದರೆ ಈ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಡಿಸುತ್ತಿದ್ದ ಹುಡುಗ ನಕ್ಕಂತೆ ಮಾಡಿ ಒಳಗೆ ಹೋದ.

ಮೀನು ಬಂತು. ಮಸಾಲೆ ರುಚಿಯಾಗಿತ್ತು, ಮೀನು ಮಾತ್ರ ಒಣಗಿದ ನಾರಿನಂತಿತ್ತು. ಬಿಲ್ಲು ಎರಡು ಸಾವಿರ ದಾಟಿತು. ಕೈ ತೊಳೆಯಲು ಹೋದಾಗ ಆ ಹುಡುಗ ಅಲ್ಲಿದ್ದ. ಮಾತು ಕೇಳಿಯೇ ಅವನು ನಮ್ಮ ಕಡೆಯವನೆಂದು ಅಬ್ಬಾಗೆ ಗೊತ್ತಾಗಿತ್ತು. ಯಾವ ಊರೆಂದು ಕೇಳಿದರೆ ಖಾನಾಪುರ ತಾಲೂಕಿನ ಹಳ್ಳಿಯೊಂದರ ಹೆಸರು ಹೇಳಿದ. ಪಿಯುಸಿ ಮುಗಿಸಿ ಇಲ್ಲಿಗೆ ಬಂದಿದ್ದನಂತೆ. ದನಿ ತಗ್ಗಿಸಿ ಹೇಳಿದ: "ಚಾಚಾ, ಮಳಿಗಾಲದಾಗ ಇಲ್ಲಿ ಬೋಟ್ ಹೋಗೂದಿಲ್ಲ. ಲಾರಿಯೊಳಗ ಬರ್ಫದ ಡಬ್ಬಿ ಬರ್ತಾವ. ಇಲ್ಲೀದ ಅಂತ ಹೇಳು ಅಂತ ಮಾಲಕರು ಹೇಳ್ಯಾರ, ನಾ ಹೇಳ್ತೀನಿ."

ಅಬ್ಬಾ ಏನೂ ಅನ್ನಲಿಲ್ಲ. ಅವನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು ಬಂದರು.

ಮನೆಗೆ ಬಂದ ಮೇಲೆ ಓದಿ, ಕೇಳಿ ತಿಳಿದುಕೊಂಡೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸಣ್ಣ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ಆದರೆ ಮಳೆಗಾಲದ ಅಲೆಯಲ್ಲಿ ಅವು ದಂಡೆಯ ಹತ್ತಿರವೇ ಹಿಡಿಯುವ ಸ್ವಲ್ಪ ಮೀನು ಎಷ್ಟು ಹೋಟೆಲ್ಲುಗಳಿಗೆ ಸಾಕಾದೀತು? ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ಕಡಲು ಮುಚ್ಚಿರುವ ಹೆಚ್ಚಿನ ದಿನಗಳಲ್ಲಿ ಆ ಕಡಲು ತೆರೆದಿರುತ್ತದೆ. ಹಾಗಾಗಿ ಜುಲೈನಲ್ಲಿ ಅರಬ್ಬಿ ಸಮುದ್ರ ನೋಡುತ್ತಾ ತಿನ್ನುವ ಮೀನು ಬಂಗಾಳ ಕೊಲ್ಲಿಯದೂ ಆಗಿರಬಹುದು.

ಈ ನಿಷೇಧ ಸುಮ್ಮನೆ ಮಾಡಿದ್ದಲ್ಲ. ಬಂಗಡೆ, ತಾರ್ಲೆಯಂತಹ ಮೀನುಗಳು ಮೊಟ್ಟೆ ಇಡುವ ಮುಖ್ಯ ಕಾಲ ಮಳೆಗಾಲ. ಮೊಟ್ಟೆ ತುಂಬಿದ ಮೀನನ್ನು ಈಗ ಬಾಚಿದರೆ ಮುಂದಿನ ವರ್ಷ ಬಲೆಗೆ ಬೀಳುವುದಾದರೂ ಏನು? ಕಡಲು ಕೆರಳಿರುವ ದಿನಗಳಲ್ಲಿ ಮೀನುಗಾರರ ಜೀವಕ್ಕೂ ಅಪಾಯ. ಅದಕ್ಕಾಗಿ ಅವರು ಎರಡು ತಿಂಗಳ ಸಂಪಾದನೆ ಬಿಟ್ಟು ಬಲೆ ಹೆಣೆಯುತ್ತಾ ಕೂರುತ್ತಾರೆ. ನಾವು ಫೋಟೋ ತೆಗೆದುಕೊಂಡದ್ದು ಆ ತ್ಯಾಗದ ಮುಂದೆ ನಿಂತು, ನಮಗೇ ತಿಳಿಯದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಬರ್ಫದ ಮೀನು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆಳಗಾವಿಗೆ ಬರುವ ಕಡಲ ಮೀನೆಲ್ಲ ಬರ್ಫದಲ್ಲೇ ಘಟ್ಟ ಹತ್ತಿ ಬರುತ್ತದೆ, ನಾವು ಅದನ್ನೇ ತಿಂದು ಬೆಳೆದವರು. ಹಿಡಿದ ಕೂಡಲೇ ಚೆನ್ನಾಗಿ ಬರ್ಫದಲ್ಲಿಟ್ಟ ಮೀನು, ಬಿಸಿಲಿನಲ್ಲಿ ಅರ್ಧ ದಿನ ಬಿದ್ದ "ಇಂದಿನ" ಮೀನಿಗಿಂತ ಎಷ್ಟೋ ಮೇಲು. ಹೋಟೆಲ್ಲಿನವರಿಗೂ ಮಳೆಗಾಲದಲ್ಲಿ ಬಾಡಿಗೆ, ಪಗಾರ ನಿಲ್ಲುವುದಿಲ್ಲ, ವ್ಯಾಪಾರ ನಡೆಯಬೇಕು. "ಹೊರಗಿಂದ ತರಿಸಿದ ಮೀನು" ಎಂದು ಬರೆದು ಮಾರಿದ್ದರೆ ನಾವು ಅದನ್ನೇ ತಿಂದು ಖುಷಿಯಿಂದ ಬರುತ್ತಿದ್ದೆವು. ತಪ್ಪು ಬರ್ಫದ್ದಲ್ಲ, ಬೋರ್ಡಿನದು.

ವಾಣಿಜ್ಯ ವಿಭಾಗದ ನಾವು ಗ್ರಾಹಕರ ಹಕ್ಕುಗಳ ಪಾಠ ಓದುತ್ತೇವೆ. ಮಾಹಿತಿ ಪಡೆಯುವ ಹಕ್ಕು ಎಂದು ಎರಡು ಸಾಲು ಬರೆದು ಅಂಕ ಪಡೆಯುತ್ತೇವೆ. ಅದಕ್ಕೂ ಮೊದಲು, ಮದರಸಾದಲ್ಲಿ, ಪ್ರವಾದಿ(ಸ)ರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆಯನ್ನು ಕೇಳಿದ್ದೇವೆ. ಮೇಲೆ ಒಣ ಧಾನ್ಯ, ಒಳಗೆ ಒದ್ದೆ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂಬುದೇ ಅವರು ವ್ಯಾಪಾರಿಗೆ ಕೇಳಿದ ಪ್ರಶ್ನೆ. ಒದ್ದೆ ಧಾನ್ಯ ಮಾರಬೇಡ ಎನ್ನಲಿಲ್ಲ, ಮುಚ್ಚಿಡುವುದನ್ನು ಖಂಡಿಸಿದರು. ಮೀನಿನ ಬೋರ್ಡಿಗೂ ಇದೇ ಅಳತೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮಾಲೀಕರಲ್ಲ. ಒಂದು, ನಾವೇ. ಜುಲೈನಲ್ಲಿ ಹೋಗಿ ಸುರಮಾಯಿಯೇ ಬೇಕು, ಇಂದಿನದೇ ಬೇಕು ಎಂದು ಹಟ ಹಿಡಿಯುವ ಗಿರಾಕಿ ಇರುವವರೆಗೆ ಅಂಥ ಬೋರ್ಡು ಇದ್ದೇ ಇರುತ್ತದೆ. ಎರಡು, ಆ ಹುಡುಗ. ಸುಳ್ಳು ಮಾಲೀಕರದು, ಹೇಳುವ ಬಾಯಿ ಅವನದು. ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಅಂಗಡಿ, ಶೋರೂಮು, ಹೋಟೆಲ್ಲುಗಳ ಕೌಂಟರಿನಲ್ಲಿ ನಿಂತಿರುತ್ತೇವೆ. ಆಗ "ಹೀಗೇ ಹೇಳು" ಎಂದರೆ ಏನು ಮಾಡುತ್ತೇವೆ? ಪಗಾರದ ಅಗತ್ಯ ಇರುವವನಿಗೆ ಇದು ಸುಲಭದ ಪ್ರಶ್ನೆಯಲ್ಲ. ಅದಕ್ಕೇ ಈಗಲೇ ಕೇಳಿಕೊಳ್ಳಬೇಕು.

ಹಿಂತಿರುಗುವಾಗ ಮೀನು ಮಾರುಕಟ್ಟೆಯ ಹತ್ತಿರ ಒಬ್ಬ ಅಜ್ಜಿ ತಾಡಪತ್ರಿಯ ಕೆಳಗೆ ಒಣ ಮೀನು ಇಟ್ಟುಕೊಂಡು ಕುಳಿತಿದ್ದರು. ಮಾಮು ಮರಾಠಿಯಲ್ಲಿ ಕೇಳಿದರು, ಅಜ್ಜಿ ಕೊಂಕಣಿಯಲ್ಲಿ ಹೇಳಿದರು, ಇಬ್ಬರಿಗೂ ಅರ್ಥವಾಯಿತು. ಬೇಸಿಗೆಯಲ್ಲಿ ಹಿಡಿದು ಉಪ್ಪು ಹಾಕಿ ಒಣಗಿಸಿದ್ದಂತೆ. ಮಳೆಗಾಲಕ್ಕೆಂದೇ ಇವರೆಲ್ಲ ತೆಗೆದಿಡುವುದು ಇದನ್ನೇ. ಯಾವ ಮೀನು, ಎಲ್ಲಿಯದು, ಯಾವಾಗಿನದು ಎಂದು ನಾವು ಕೇಳುವ ಮೊದಲೇ ಹೇಳಿದರು. ಅರ್ಧ ಕಿಲೋ ತೆಗೆದುಕೊಂಡೆವು. ಮಳೆಗೆ ಗಾಜು ಏರಿಸಿದ ಗಾಡಿಯಲ್ಲಿ ಅಣಶಿ ಘಟ್ಟ ಹತ್ತುವವರೆಗೆ ಆ ವಾಸನೆ ಸಹಿಸಿದ್ದು ನಮಗೇ ಗೊತ್ತು. ಆದರೆ ಮರುದಿನ ಅಮ್ಮಿ ಅದನ್ನು ಹುರಿದು ಖಟ್ಟಿ ದಾಲ್ ಅನ್ನದ ಜೊತೆ ಬಡಿಸಿದಾಗ, ಕಾರವಾರದ ನಿಜವಾದ ಸ್ಥಳೀಯ ಮೀನು ತಿಂದೆವು ಎಂದು ಅಬ್ಬಾ ನಕ್ಕರು.

ಈ ವರ್ಷದ ನಮ್ಮ ಕಾಲೇಜಿನ ಒಂದು ದಿನದ ಪ್ರವಾಸದ ಮಾತು ಶುರುವಾಗಿದೆ. ಕಾರವಾರವೇ ಆಗಲಿ ಎಂದು ನನ್ನ ವಿನಂತಿ. ಆದರೆ ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಮಳೆ ತಗ್ಗಿ, ದೋಣಿಗಳು ಓಡಾಡುವ ದಿನಗಳಲ್ಲಿ ಹೋಗೋಣ. ಮೊದಲು ಬಂದರು, ಆಮೇಲೆ ಹೋಟೆಲ್ಲು. ಬಂದರಿನಲ್ಲಿ ಅಂದು ಏನು ಇಳಿದಿದೆಯೋ ನೋಡಿಕೊಂಡು, ಅದು ಬಂಗಡೆಯಾದರೂ ಸರಿ, ತಾರ್ಲೆಯಾದರೂ ಸರಿ, ಅದನ್ನೇ ಕೇಳೋಣ. ಅವು ಸುರಮಾಯಿಗಿಂತ ಅಗ್ಗ, ಎಲ್ಲ ವಿದ್ಯಾರ್ಥಿಗಳ ಜೇಬಿಗೂ ಎಟುಕುತ್ತವೆ. ಮೀನು ತಿನ್ನದ ಗೆಳೆಯರೂ ಬಂದರು ನೋಡಿ ಖುಷಿಪಡುತ್ತಾರೆ.

ಮತ್ತೆ, ತಟ್ಟೆ ಬರುವ ಮೊದಲು ನನ್ನ ತಮ್ಮನ ಪ್ರಶ್ನೆಯನ್ನು ಯಾರಾದರೂ ಒಬ್ಬರು ಕೇಳಲಿ. ಸಿಟ್ಟಿನಿಂದಲ್ಲ, ಅವನು ಕೇಳಿದ ಹಾಗೆಯೇ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ