ಸರ್ಟಿಫಿಕೇಟ್ ಕೂಸಿಗೆ ಉಸಿರು ಕೊಡೋದಿಲ್ಲ

ಕೂಸು ಹುಟ್ಟಿತು, ಅಳಲಿಲ್ಲ. ಮುಂದೆ ನಮ್ಮ ಊರುಗಳಲ್ಲಿ ಕೇಳುವ ಮಾತು ಒಂದೇ: "ಅದರ ಹಣೆಯಾಗ ಬರದಿದ್ದು ಅಷ್ಟ." ಎಷ್ಟೋ ಸಲ ಅದು ಹಣೆಬರಹ ಅಲ್ಲ, ಹೆರಿಗೆ ಕೋಣೆಯಲ್ಲಿ ಕಳೆದುಹೋದ ಒಂದು ನಿಮಿಷ.

ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರು ಶುರುವಾಗಲು ನೆರವು ಬೇಕು. ಅವುಗಳಲ್ಲಿ ಎಷ್ಟೋ ಕೂಸುಗಳಿಗೆ ಒಣ ಬಟ್ಟೆಯಿಂದ ಒರೆಸಿ ಬೆನ್ನು ಉಜ್ಜಿದರೆ ಸಾಕು. ಆಗಲೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. 108 ಬರುವವರೆಗೆ ಆ ನಿಮಿಷ ಕಾಯುವುದಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದಲ್ಲ. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ 2009ರಲ್ಲೇ ಶುರುವಾಯಿತು. ಅದರಲ್ಲಿ ಎರಡು ದಿನದ ತರಬೇತಿ ಇದೆ. ನಮ್ಮ ಪಕ್ಕದ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೆರಿಗೆ ಮಾಡಿಸುವ 599 ಜನರಿಗೆ ಇದೇ ವಿದ್ಯೆ ಕಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 3 ಇದ್ದ ಸತ್ತು ಹುಟ್ಟುವ ಪ್ರಮಾಣ 2.3ಕ್ಕೆ ಇಳಿದಿತ್ತು. ಅಂದರೆ 'ಸತ್ತೇ ಹುಟ್ಟಿತು' ಎಂದು ಪಕ್ಕಕ್ಕಿಟ್ಟ ಕೆಲವು ಕೂಸುಗಳಲ್ಲಿ ಇನ್ನೂ ಜೀವ ಇರುತ್ತಿತ್ತು!

ಆದರೆ ಹುಟ್ಟಿದ ಮೇಲಿನ ಸಾವು ಅದರಿಂದ ಇಳಿಯಲಿಲ್ಲ. ಬೆಳಗಾವಿ, ನಾಗಪುರ, ಕೀನ್ಯಾಗಳಲ್ಲಿ ಆಮೇಲೆ ನೋಡಿದಾಗ ಇನ್ನೊಂದು ಸಂಗತಿ ಕಂಡಿತು: ಕಲಿತ ಪಾಠ ತಲೆಯಲ್ಲಿ ಉಳಿಯುತ್ತದೆ, ಬ್ಯಾಗ್ ಹಿಡಿಯುವ ಕೈ ಮಾತ್ರ ಆರು ತಿಂಗಳಲ್ಲೇ ಮರೆಯುತ್ತದೆ. ಇದು ಸಿಸ್ಟರ್‌ಗಳ ತಪ್ಪಲ್ಲ. ತಿಂಗಳಿಗೆ ನಾಲ್ಕೈದು ಹೆರಿಗೆ ಆಗುವ ಕಡೆ ಬ್ಯಾಗ್ ಬೇಕಾಗುವ ಕೂಸು ಬರುವುದೇ ಅಪರೂಪ. ಬಳಸದ ಕುಡುಗೋಲಿಗೆ ತುಕ್ಕು ಹಿಡಿಯದೆ ಇರುತ್ತದೆಯೇ?

ಹಾಗಾಗಿ ಎರಡು ದಿನ ಕಲಿಸಿ, ಗ್ರೂಪ್ ಫೋಟೋ ತೆಗೆದು, ಸರ್ಟಿಫಿಕೇಟ್ ಹಂಚಿದರೆ ಕೆಲಸ ಮುಗಿಯಲಿಲ್ಲ. ಹೆರಿಗೆ ಆಗುವ ಪ್ರತಿ ಆಸ್ಪತ್ರೆಯಲ್ಲೂ ಒಂದು ತರಬೇತಿ ಗೊಂಬೆ ಇರಲಿ. ವಾರಕ್ಕೆ ಹತ್ತು ನಿಮಿಷ ಅದರ ಮೇಲೆ ಕೈ ಪಳಗಲಿ. ನಮ್ಮ ಮಲ್ಲಸಮುದ್ರದಲ್ಲೇ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಅಲ್ಲಿನ ಮಕ್ಕಳ ವೈದ್ಯರು ಮೂರು ತಿಂಗಳಿಗೊಮ್ಮೆ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಹೆರಿಗೆ ಕೋಣೆಗಳಿಗೇ ಹೋಗಿ ಈ ಅಭ್ಯಾಸ ನೋಡಿ ಬರುವಂತೆ ಜಿಲ್ಲಾಡಳಿತ ವ್ಯವಸ್ಥೆ ಮಾಡಲಿ.

ನಾವೂ ಸುಮ್ಮನೆ ಕೂರಬಾರದು. ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಕೇಳಿ: ಕೂಸಿನ ಅಳತೆಯ ಮಾಸ್ಕ್ ಇದೆಯೇ? ಬ್ಯಾಗ್ ಹರಿದಿಲ್ಲ ತಾನೇ? ರಾತ್ರಿ ಪಾಳಿಯವರು ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ? ಉತ್ತರ ಸಿಗದಿದ್ದರೆ ಇದೇ ಪ್ರಶ್ನೆಯನ್ನು ಆರೋಗ್ಯ ರಕ್ಷಾ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಎತ್ತಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತ ನಗುತ್ತೇವೆ. ಈ ಒಂದು ಕುಲಾವಿಯನ್ನು ಮಾತ್ರ ಮೊದಲೇ ಹೊಲಿಸಿಡಬೇಕು.