ತಾಳ ತಪ್ಪದ ಲೈಬ್ರರಿ ಯಾವುದು?

ಮೊಬೈಲಿನ ಮೃದಂಗದ ಆ್ಯಪ್‌ನಲ್ಲಿ ಪರದೆಗೆ ಬೆರಳು ತಾಗಿದ ಮೇಲೆ ‘ತೋಂ’ ಎಂಬ ನಾದ ತುಸು ತಡವಾಗಿ ಬಂದರೂ ನುಡಿಸುವವರ ಲಯ ಕೆಡುತ್ತದೆ. ಇಂಥ ಆ್ಯಪ್ ಬರೆಯಹೊರಟ ಯುವ ಪ್ರೋಗ್ರಾಮರ್‌ಗಳು ಲೈಬ್ರರಿ ಆರಿಸುವಾಗ ಸೌಲಭ್ಯಗಳ ಪಟ್ಟಿಗೆ ಮರುಳಾಗುತ್ತಾರೆ. ಮೊದಲು ಪರೀಕ್ಷಿಸಬೇಕಾದ್ದು ಈ ವಿಳಂಬವನ್ನು, ಆಮೇಲೆ ಲೈಸೆನ್ಸನ್ನು.

ಧ್ವನಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳಂತೆ ಹರಿಯುವಾಗ, 256 ಸ್ಯಾಂಪಲ್‌ಗಳ ಬಫರ್ ತುಂಬಿಸಲು ಸಿಗುವುದು ಸುಮಾರು 5.8 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಸ್ಪೀಕರ್‌ನಲ್ಲಿ ‘ಟಪ್’ ಎಂದು ಧ್ವನಿ ಒಡೆಯುತ್ತದೆ. ಹಾಗಾಗಿ ಬಫರ್ ತುಂಬಿಸುವ ಆಡಿಯೊ ಕಾಲ್‌ಬ್ಯಾಕ್‌ನೊಳಗೆ ಫೈಲ್ ಓದಬಾರದು, ಹೊಸ ಮೆಮೊರಿ ಕೇಳಬಾರದು, ಲಾಕ್‌ಗಾಗಿ ಕಾಯಬಾರದು. ಎಷ್ಟೇ ದೊಡ್ಡ ಲೈಬ್ರರಿ ತಂದರೂ ಈ ಶಿಸ್ತು ತಪ್ಪುವುದಿಲ್ಲ.

ವಿಂಡೋಸ್‌ನ ವಾಸಾಪಿ, ಮ್ಯಾಕ್‌ನ ಕೋರ್ ಆಡಿಯೊ, ಲಿನಕ್ಸ್‌ನ ಆಲ್ಸಾ ಒಂದಕ್ಕೊಂದು ಹೊಂದದ ಧ್ವನಿ ವ್ಯವಸ್ಥೆಗಳು. ಒಮ್ಮೆ ಬರೆದ ಕೋಡ್ ಮೂರರಲ್ಲೂ ಓಡುವಂತೆ ಮಾಡುವುದು ಲೈಬ್ರರಿಯ ಕೆಲಸ. ರಾಸ್ ಬೆಂಚಿನಾ ಮತ್ತು ಫಿಲ್ ಬರ್ಕ್ ಆರಂಭಿಸಿದ ಪೋರ್ಟ್‌ಆಡಿಯೊ ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಧ್ವನಿ ಸಂಪಾದನೆಗೆ ಹೆಸರಾದ ಆಡಾಸಿಟಿ ಅದನ್ನು ನೆಚ್ಚಿ ಬೆಳೆದಿದೆ. ವಾದ್ಯಗಳು ಸ್ವರಸಂದೇಶ ಕಳಿಸುವ ಭಾಷೆಯಾದ ಮಿಡಿಗೆ ಪ್ರತ್ಯೇಕ ಪೋರ್ಟ್‌ಮಿಡಿ ಇದೆ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಗ್ಯಾರಿ ಸ್ಕೇವೋನ್ ಬರೆದ ಆರ್‌ಟಿಆಡಿಯೊ, ಆರ್‌ಟಿಮಿಡಿ ಜೋಡಿಯಂತೂ ಕೆಲವೇ ಸಿ++ ಫೈಲುಗಳಲ್ಲಿ ಮುಗಿಯುತ್ತದೆ. ಕೋಡ್ ತೆರೆದು ಕೂತರೆ ಧ್ವನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ವಿದ್ಯಾರ್ಥಿಗೂ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಜೂಲ್ಸ್ ಸ್ಟೋರರ್ ಕಟ್ಟಿದ ಜ್ಯೂಸ್ ಬಲು ದೊಡ್ಡದು: ಆಡಿಯೊ, ಮಿಡಿ, ಪರದೆಯ ಗುಂಡಿಗಳು, ಪ್ಲಗಿನ್, ಆಂಡ್ರಾಯ್ಡ್ ಎಲ್ಲವೂ ಒಂದೇ ಕಡೆ. ಆದರೆ ಅದು 2014ರಲ್ಲಿ ರೋಲಿ ಕಂಪನಿಯ ಕೈಸೇರಿ, 2020ರಲ್ಲಿ ಪೇಸ್ ಕಂಪನಿಯ ಪಾಲಾಯಿತು. ಲೈಸೆನ್ಸ್ ಷರತ್ತುಗಳೂ ಬದಲಾಗುತ್ತ ಬಂದಿವೆ. ಪ್ಲಗಿನ್ ಮಾರುವವರಿಗೆ ಅದು ಸರಿಯಾದ ಆಯ್ಕೆಯೇ. ಒಂದು ಶ್ರುತಿಪೆಟ್ಟಿಗೆಗೆ ಅಷ್ಟು ಭಾರ ಬೇಕಿಲ್ಲ.

ನಮ್ಮ ಸಂಗೀತಕ್ಕೆ ಬಂದಾಗ ಮಿಡಿಯದೇ ಒಂದು ತೊಡಕು ಎದುರಾಗುತ್ತದೆ. 1983ರ ಈ ಭಾಷೆ ಕೀಬೋರ್ಡಿನ ಮನೆಗಳನ್ನು ಎಣಿಸಿಕೊಂಡು ಹುಟ್ಟಿದ್ದು. ಸ್ವರ ಜಾರಿಸಲು ಪಿಚ್ ಬೆಂಡ್ ಇದೆ, ಅದರಲ್ಲಿ 16,384 ಹಂತಗಳೂ ಇವೆ. ಆದರೆ ವಾಡಿಕೆಯ ವ್ಯಾಪ್ತಿ ಆಚೀಚೆ ಎರಡು ಮನೆ ಮಾತ್ರ. ಷಡ್ಜದಿಂದ ಪಂಚಮಕ್ಕೆ ಜಾರು ಎಳೆಯಲು ಅದು ಸಾಲದು, ವ್ಯಾಪ್ತಿಯನ್ನು ಹಿಗ್ಗಿಸಲೇಬೇಕು. ಮೇಲಾಗಿ ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ: ಅದೇ ಚಾನೆಲ್‌ನಲ್ಲಿ ತಂಬೂರಿಯೂ ಇದ್ದರೆ ತೋಡಿಯ ಗಾಂಧಾರದ ಜೊತೆ ಶ್ರುತಿಯೂ ಅಲ್ಲಾಡುತ್ತದೆ. 2018ರಲ್ಲಿ ಒಪ್ಪಿಗೆ ಪಡೆದ ಎಂಪಿಇ ಎಂಬ ಮಿಡಿ ವಿಸ್ತರಣೆ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಡುತ್ತದೆ. ಗಮಕ ಬಯಸುವವರು ಅದನ್ನು ಮೊದಲ ದಿನದಿಂದಲೇ ಕೋಡ್‌ನಲ್ಲಿ ಸೇರಿಸಿಕೊಳ್ಳಬೇಕು.

ಫೋನಿಗಷ್ಟೇ ಬರೆಯುವವರು ಗೂಗಲ್‌ನ ಓಬೋ ಲೈಬ್ರರಿಯನ್ನು ನೋಡಬಹುದು. ಆಂಡ್ರಾಯ್ಡ್‌ನಲ್ಲಿ ವಿಳಂಬ ತಗ್ಗಿಸಲೆಂದೇ ಅದನ್ನು ರೂಪಿಸಿದ್ದಾರೆ. ಬ್ಲೂಟೂತ್ ಇಯರ್‌ಫೋನ್ ಸೇರಿಸುವ ವಿಳಂಬ ಮಾತ್ರ ಯಾವ ಲೈಬ್ರರಿಯ ಹಿಡಿತಕ್ಕೂ ಸಿಗದು. ಆದ್ದರಿಂದ ಪರೀಕ್ಷೆ ನಡೆಯಬೇಕಾದ್ದು ಸಂಗೀತ ಪಾಠದ ಮಕ್ಕಳ ಮನೆಯಲ್ಲಿರುವ ಸಾಧಾರಣ ಫೋನಿನಲ್ಲಿ, ತಂತಿಯ ಇಯರ್‌ಫೋನ್ ಹಾಕಿಕೊಂಡು.