ಸ್ವರಲಿಪಿಯೂ ಯಂತ್ರದ ಕಡತವೂ

ಹಾಸ್ಯ ಗೀತನಾಟಕವೊಂದರ ಸಂಗೀತವು ಗಣಕಯಂತ್ರದ ಕಡತದಲ್ಲಿದ್ದರೆ ಗುಂಡಿಯೊಂದನ್ನು ಒತ್ತಿ ಅದನ್ನು ಸ್ವರಲಿಪಿಯಾಗಿ ಮಾರ್ಪಡಿಸಬಹುದೆಂದೂ, ಹಾಗೆ ಹೊರಬಿದ್ದ ಹಾಳೆಗಳನ್ನೇ ಗಾಯಕರ ಕೈಗೆ ಕೊಡಬಹುದೆಂದೂ ನಂಬಿರುವವರು ಕಡಮೆಯಿಲ್ಲ. ಈ ನಂಬಿಕೆಯಿಂದ ಸಂಗೀತಕ್ಕೂ ಸಾಹಿತ್ಯಕ್ಕೂ ಏಕಕಾಲದಲ್ಲಿ ಒದಗುವ ಅಪಚಾರವೆಷ್ಟೆಂಬುದು ಗಿಲ್ಬರ್ಟ್ ಮತ್ತು ಸಲಿವನ್ ಎಂಬ ಆಂಗ್ಲ ಜೋಡಿಯ ಕೃತಿಗಳಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ.

ಗಿಲ್ಬರ್ಟನು ಮಾತನ್ನು ಬರೆದು, ಸಲಿವನ್ನನು ಅದಕ್ಕೆ ಸಂಗೀತವನ್ನು ಕೂಡಿಸಿ, 1871ರಿಂದ 1896ರವರೆಗೆ ಹದಿನಾಲ್ಕು ನಾಟಕಗಳನ್ನು ರಚಿಸಿದರು. 1885ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರವನ್ನೇರಿದ 'ಮಿಕಾಡೋ' ತನ್ನ ಮೊದಲ ಸುತ್ತಿನಲ್ಲಿಯೇ 672 ಪ್ರಯೋಗಗಳನ್ನು ಕಂಡಿತು. 1911ರಲ್ಲಿ ಗಿಲ್ಬರ್ಟನು ತೀರಿಕೊಂಡನು. ಬ್ರಿಟನ್ನಿನಲ್ಲಿ ಅವನ ಮಾತುಗಳ ಗ್ರಂಥಸ್ವಾಮ್ಯವು 1961ರ ಅಂತ್ಯಕ್ಕೆ ಮುಗಿಯಿತು. ಅಂದಿನಿಂದ ಈ ನಾಟಕಗಳು ಹವ್ಯಾಸಿ ಮಂಡಲಿಗಳ ಸ್ವತ್ತಾಗಿವೆ. ಕೀಲಿಮಣೆಯ ಮೇಲೆ ಅವುಗಳ ಹಾಡುಗಳನ್ನು ನುಡಿಸಿ, 'ಮಿಡಿ' ಎಂಬ ಸಂಕೇತದಲ್ಲಿ ಕಡತಗಳನ್ನು ಮಾಡಿ, ಕೇಳಿದವರಿಗೆಲ್ಲ ಉಚಿತವಾಗಿ ಒದಗಿಸಿದ ಅಭಿಮಾನಿಗಳ ಪರಿಶ್ರಮವು ಸ್ತುತ್ಯವಾದದ್ದೇ. ದೋಷವಿರುವುದು ಆ ಕಡತವನ್ನು ಗ್ರಂಥವೆಂದು ಎಣಿಸುವುದರಲ್ಲಿ.

ಮಿಡಿ ಪದ್ಧತಿಯು ಬಳಕೆಗೆ ಬಂದುದು 1983ರಲ್ಲಿ. ಒಬ್ಬ ತಯಾರಕನ ಕೀಲಿಮಣೆಯಿಂದ ಮತ್ತೊಬ್ಬ ತಯಾರಕನ ವಿದ್ಯುದ್ವಾದ್ಯವನ್ನು ನುಡಿಸಲು ಸಾಧ್ಯವಾಗಬೇಕೆಂಬುದೇ ಅದರ ಉದ್ದೇಶವಾಗಿದ್ದಿತು. ಯಾವ ಕೀಲಿಯನ್ನು ಒತ್ತಲಾಯಿತು, ಎಷ್ಟು ರಭಸದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು, ಇಷ್ಟನ್ನು ಅದು ಅಂಕಿಗಳಲ್ಲಿ ಬರೆದಿಡುತ್ತದೆ. ಬೆರಳುಗಳ ದಿನಚರಿಯದು, ಸಂಗೀತದ ಬರಹವಲ್ಲ. ಕನ್ನಡದ ಕಿವಿಗೆ ಈ ಹೆಸರು ಎರಡು ಬಗೆಯಾಗಿ ಕೇಳಿಸುತ್ತದೆ. ತಂತಿಯನ್ನು ಮಿಡಿಯುವುದುಂಟು, ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿಯೂ ಉಂಟು. ಎರಡನೆಯ ಅರ್ಥವೇ ಇಲ್ಲಿ ಹೆಚ್ಚು ಸಲ್ಲುವುದು.

ಮಿಡಿಯ ಲೆಕ್ಕದಲ್ಲಿ ಪಿಯಾನೋವಿನ ನಡುವಣ 'ಸಿ' ಸ್ವರಕ್ಕೆ 60 ಎಂಬ ಅಂಕಿ. ಅದರ ಮೇಲಿನ ಕಪ್ಪು ಕೀಲಿಗೆ 61. ಈ 61 ಎಂಬುದು 'ಸಿ ಶಾರ್ಪೋ' 'ಡಿ ಫ್ಲಾಟೋ' ಎಂದು ಕೇಳಿದರೆ ಅಂಕಿಯು ಮೌನವಾಗಿರುತ್ತದೆ. ಎರಡೂ ಒಂದೇ ಧ್ವನಿಯಲ್ಲವೇ ಎನ್ನುವವರು ಕರ್ನಾಟಕ ಸಂಗೀತದ ಹನ್ನೆರಡು ಸ್ವರಸ್ಥಾನಗಳಿಗೆ ಹದಿನಾರು ಹೆಸರುಗಳಿರುವುದೇಕೆಂದು ಯೋಚಿಸಲಿ. ಚತುಶ್ರುತಿ ರಿಷಭವೂ ಶುದ್ಧ ಗಾಂಧಾರವೂ ವೀಣೆಯಲ್ಲಿ ಒಂದೇ ಮೆಟ್ಟಿಲು. ಹಾಗೆಂದು ಕನಕಾಂಗಿಯ ಗಾಂಧಾರವನ್ನು ಮತ್ತೊಂದು ರಿಷಭವೆಂದು ಬರೆದುಕೊಟ್ಟರೆ ಯಾವ ವಿದ್ವಾಂಸನು ಒಪ್ಪಿಯಾನು? ಹೆಸರು ಬದಲಾದರೆ ಸ್ವರದ ಬಂಧುತ್ವವೇ ಬದಲಾಗುತ್ತದೆ. ಹಾಳೆಯನ್ನು ನೋಡಿಯೇ ಹಾಡಬೇಕಾದ ಮೇಳದ ಗಾಯಕನು ಸ್ವರಗಳ ನಡುವಣ ಅಂತರವನ್ನು ಕಣ್ಣಿನಿಂದ ಅಳೆಯುತ್ತಾನೆ. ತಪ್ಪು ಹೆಸರಿನ ಸ್ವರವು ಅವನ ಕಣ್ಣಿಗೆ ಹಳ್ಳವಾಗಿ ತೋರಿ, ಕಂಠವು ಎಡವುತ್ತದೆ.

ಕಾಲದ ವಿಷಯದಲ್ಲಿಯೂ ಹೀಗೆಯೇ. ಮನುಷ್ಯನು ನುಡಿಸುವಾಗ ಒಂದು ಸ್ವರವನ್ನು ಕೂದಲೆಳೆಯಷ್ಟು ಮೊದಲು ಬಿಡುತ್ತಾನೆ, ಮತ್ತೊಂದನ್ನು ಅಷ್ಟೇ ತಡವಾಗಿ ಹಿಡಿಯುತ್ತಾನೆ. ಯಂತ್ರವು ಈ ಜೀವಂತ ಉಸಿರಾಟವನ್ನು ನಿಷ್ಠೆಯಿಂದ ಅಳೆದು, ಸರಳವಾದ ನಾಲ್ಕು ಸ್ವರಗಳ ಸಾಲಿನಲ್ಲಿ ಮೂವತ್ತೆರಡನೆಯ ಒಂದಂಶದ ವಿರಾಮಗಳನ್ನೂ ಬಾಲದ ಮೇಲೆ ಬಾಲವನ್ನೂ ಚುಕ್ಕಿಯ ಮೇಲೆ ಚುಕ್ಕಿಯನ್ನೂ ಇಟ್ಟು, ಇರುವೆ ಹತ್ತಿದ ಬೆಲ್ಲದಂತೆ ಮಾಡಿಬಿಡುತ್ತದೆ. ಲೆಕ್ಕವನ್ನು ಒರಟಾಗಿ ಸರಿಹೊಂದಿಸಹೊರಟರೆ ನಿಜವಾದ ಚಿಕ್ಕ ಸ್ವರಗಳೂ ನುಂಗಿಹೋಗುತ್ತವೆ.

ಇದೆಲ್ಲಕ್ಕೂ ಮಿಗಿಲಾದ ಉದಾಹರಣೆಯು 1879ರ 'ಪೆನ್‍ಜಾನ್ಸಿನ ಕಡಲ್ಗಳ್ಳರು' ಎಂಬ ನಾಟಕದಲ್ಲಿದೆ. ತರುಣನೂ ತರುಣಿಯೂ ಪ್ರೇಮಾಲಾಪದಲ್ಲಿ ತೊಡಗಿರುವಾಗ, ಅವಳ ಸಹೋದರಿಯರು ಏನನ್ನೂ ಕೇಳಿಸಿಕೊಳ್ಳದವರಂತೆ ನಟಿಸುತ್ತ ಹವೆಯ ವಿಚಾರವಾಗಿ ಹರಟುತ್ತಾರೆ. ಪ್ರೇಮಿಗಳ ಗಾನವು ಮೂರರ ಎಣಿಕೆಯಲ್ಲಿ ತೇಲಿದರೆ, ಸಹೋದರಿಯರ ಹರಟೆಯು ಎರಡರ ಎಣಿಕೆಯಲ್ಲಿ ಓಡುತ್ತದೆ. ಹಾಸ್ಯವೆಲ್ಲವೂ ಈ ಎರಡು ಎಣಿಕೆಗಳ ಜಗಳದಲ್ಲಿದೆ. ಮಿಡಿ ಕಡತವು ಸಾಮಾನ್ಯವಾಗಿ ಎಲ್ಲ ಧ್ವನಿಗಳಿಗೂ ಒಂದೇ ತಾಳಸೂಚನೆಯನ್ನಿಡುತ್ತದೆ. ಅದರಿಂದ ಇಳಿಸಿದ ಹಾಳೆಯಲ್ಲಿ ಹರಟೆಯ ಹುಡುಗಿಯರೂ ಪ್ರೇಮಿಗಳ ಗೆರೆಗಳೊಳಗೇ ಸಿಕ್ಕಿಬಿದ್ದು, ಅವರ ಒತ್ತುಗಳೆಲ್ಲ ಅಸ್ಥಾನದಲ್ಲಿ ಬೀಳುತ್ತವೆ. ಧ್ವನಿಯಲ್ಲಿ ಒಂದು ಸ್ವರವೂ ತಪ್ಪಿಲ್ಲ. ನಾಟಕ ಮಾತ್ರ ಇಲ್ಲ.

ಇನ್ನು ಮಾತು. ಅದೇ ನಾಟಕದ ಸೇನಾಪತಿಯ ಹಾಡಿನಲ್ಲಿ ಪ್ರತಿಯೊಂದು ಉಚ್ಚಾರಾಂಶಕ್ಕೂ ಒಂದೊಂದು ಸ್ವರ, ಅದೂ ಮಿಂಚಿನ ವೇಗದಲ್ಲಿ. ಕಡತದಲ್ಲಿ ಮಾತಿಗೆ ಸ್ಥಳವುಂಟು, ನಿಜ. ನುಡಿಸಿದವರು ತುಂಬದಿದ್ದರೆ ಆ ಸ್ಥಳವು ಬರಿದು. ಗಿಲ್ಬರ್ಟನಿಲ್ಲದ ಸಲಿವನ್ನನನ್ನು ಹಂಚಿ, ಅದಕ್ಕೆ ಗೀತನಾಟಕವೆಂದು ಹೆಸರಿಡುವುದು ಎಷ್ಟರ ಮಟ್ಟಿಗೆ ಸಾಧು?

ಇಲ್ಲದ್ದಕ್ಕಿಂತ ಇಷ್ಟಾದರೂ ಲೇಸು ಎಂಬುದು ಪ್ರತಿವಾದಿಗಳ ಕೊನೆಯ ಮಾತು. ಇದರಲ್ಲಿ ಹೊಸದೇನೂ ಇಲ್ಲ. 1878ರಲ್ಲಿ 'ಪಿನಫೋರ್' ಪ್ರಸಿದ್ಧವಾದೊಡನೆ ಅಮೆರಿಕದ ಮಂಡಲಿಗಳು ಅಪ್ಪಣೆಯಿಲ್ಲದೆ ಅದನ್ನು ಆಡಿದವು. ಸಲಿವನ್ನನ ವಾದ್ಯಲಿಪಿಯು ಅವರಲ್ಲಿರಲಿಲ್ಲ. ಮುದ್ರಿತವಾದ ಗಾಯನ-ಪಿಯಾನೋ ಪ್ರತಿಯಿಂದಲೇ ವಾದ್ಯಮೇಳವನ್ನು ಊಹಿಸಿ ಕಟ್ಟಿದರು. ಇದನ್ನು ಕಂಡು ಕರ್ತೃಗಳಿಬ್ಬರೂ ನ್ಯೂಯಾರ್ಕಿಗೆ ಹೋಗಿ 1879ರ ಡಿಸೆಂಬರಿನಲ್ಲಿ ನಿಜವಾದ 'ಪಿನಫೋರ್' ಎಂತಹದೆಂದು ತೋರಿಸಬೇಕಾಯಿತು. ಆ ಕಳ್ಳರಿಗಾದರೋ ಸರಿಯಾದ ಹೆಸರಿನ ಸ್ವರಗಳೂ ಅವುಗಳ ಕೆಳಗೆ ಮಾತುಗಳೂ ಇದ್ದವು. ಇಂದಿನ ಗುಂಡಿಯೊತ್ತುವ ಪಂಡಿತರಿಗೆ ಅಷ್ಟೂ ಇಲ್ಲ.

ಕಡತವನ್ನು ಬಿಸುಡಬೇಕೆಂದು ಯಾರೂ ಹೇಳುತ್ತಿಲ್ಲ. ತನ್ನ ಧ್ವನಿಯ ಭಾಗವನ್ನು ಮಾತ್ರ ನಿಧಾನವಾಗಿ ನುಡಿಸಿ ಕೇಳಿ ಕಲಿಯಲು ಅದಕ್ಕಿಂತ ಸುಲಭವಾದ ಸಾಧನವಿಲ್ಲ. ಲಿಪಿ ಬರೆಯುವವನಿಗೂ ಅರ್ಧದಷ್ಟು ಕೈಕೆಲಸ ಉಳಿಯುತ್ತದೆ. ಉಳಿದರ್ಧವು ಓದುಗಾರಿಕೆ. ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ಗೆರೆಗೆರೆಯಾಗಿ ತಾಳೆ ನೋಡಬೇಕು. ಸ್ವರಗಳಿಗೆ ಅವುಗಳ ಹೆಸರನ್ನೂ, ಎರಡು ಕೈಗಳಿಗೆ ಅವುಗಳ ಪಾಲನ್ನೂ, ಪುನರಾವೃತ್ತಿಗೆ ಅದರ ಚಿಹ್ನೆಯನ್ನೂ ಮರಳಿಸಬೇಕು. ಮಾತನ್ನು ಉಚ್ಚಾರಾಂಶಗಳಾಗಿ ಬಿಡಿಸಿ ಸ್ವರದ ಅಡಿಯಲ್ಲಿ ಕೂರಿಸಬೇಕು. ಹೀಗೆ ಶುದ್ಧವಾದುದನ್ನು 2004ರಲ್ಲಿ ಹೊರಬಂದ ಮ್ಯೂಸಿಕ್ ಎಕ್ಸ್ಎಂಎಲ್‍ನಂತಹ ಮುಕ್ತ ರೂಪದಲ್ಲಿಯೂ ಇಡುವುದು ಕ್ಷೇಮ. 'ಫಿನಾಲೆ' ಎಂಬ ಪ್ರಖ್ಯಾತ ಲಿಪಿತಂತ್ರಾಂಶದ ಬೆಳವಣಿಗೆಯನ್ನೇ ಅದರ ಒಡೆಯರು 2024ರ ಆಗಸ್ಟಿನಲ್ಲಿ ನಿಲ್ಲಿಸಿಬಿಟ್ಟರು.

ಇವರ ಮೊದಲ ನಾಟಕವಾದ 'ಥೆಸ್ಪಿಸ್' 1871ರಲ್ಲಿ ರಂಗಕ್ಕೆ ಬಂದಿತು. ಅದರ ಮಾತು ಉಳಿದಿದೆ. ಸಂಗೀತದ ಬಹುಭಾಗವು ಬರಹದಲ್ಲಿ ಉಳಿಯದೆ ನಷ್ಟವಾಗಿದೆ. ಮಿಕ್ಕ ಹದಿಮೂರನ್ನು ಬರೆದುಕೊಡುವವರು, ತಮ್ಮ ಪ್ರತಿಯನ್ನು ಯಾವ ಮುದ್ರಣದೊಡನೆ ತಾಳೆ ನೋಡಿದರೆಂಬುದನ್ನು, ಅಥವಾ ನೋಡಲೇ ಇಲ್ಲವೆಂಬುದನ್ನು, ಮೊದಲ ಪುಟದಲ್ಲಿ ಒಂದು ಸಾಲಿನಲ್ಲಿ ತಿಳಿಸಲಿ. ಗಾಯಕನು ಹಾಳೆಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅದನ್ನು ಓದಿಕೊಳ್ಳುತ್ತಾನೆ.